ಪದ್ಯ ಬಾಯಿಗೆ ಬಂತು, ಕಣ್ಣಿಗೆ ಬರುವುದು ಹೇಗೆ?

ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸುವುದು ಕಷ್ಟದ ಕೆಲಸವೇನಲ್ಲ. ಎರಡು ಸಲ ಹಾಡಿದರೆ ಸಾಕು, ಮೂರನೇ ಸಲಕ್ಕೆ ಟೀಚರಿಗಿಂತ ಮುಂದೆ ಓಡುತ್ತಾರೆ. ಆದರೆ ಪುಸ್ತಕ ತೆರೆದು 'ಬೆರಳಿಟ್ಟು ಓದು' ಅಂದು ನೋಡಿ. ಬಾಯಿ ನಾಲ್ಕನೇ ಸಾಲಿನಲ್ಲಿರುತ್ತದೆ, ಬೆರಳು ಇನ್ನೂ ಎರಡನೇ ಸಾಲಿನಲ್ಲಿ. ಹಾಡು ಬಂದಿದೆ, ಓದು ಬಂದಿಲ್ಲ. ಪ್ರಾಸದ ಪುಸ್ತಕದಿಂದ ಓದು ಕಲಿಸಬೇಕಾದರೆ ಈ ಅಂತರ ತುಂಬಬೇಕು. ದಿನಕ್ಕೆ ಹದಿನೈದು ನಿಮಿಷ ಕೊಟ್ಟರೂ ನಡೆಯುತ್ತದೆ.

ಮೊದಲು ಪುಸ್ತಕದ ಆಯ್ಕೆ

ಒಂದು ಪುಟಕ್ಕೆ ಒಂದೆರಡು ಸಾಲು, ದಪ್ಪ ಅಕ್ಷರ, ಸಾಲಿಗೆ ಹೊಂದುವ ಚಿತ್ರ. ಇಷ್ಟಿರಲಿ. ಕನ್ನಡದಲ್ಲೇ ಹುಟ್ಟಿದ ಪದ್ಯವಾದರೆ ಒಳ್ಳೆಯದು. ಅನುವಾದದಲ್ಲಿ ಕಥೆ ಉಳಿದರೂ ಪ್ರಾಸ ಎಷ್ಟೋ ಸಲ ಕೈಬಿಟ್ಟು ಹೋಗಿರುತ್ತದೆ. 'ಮನೆಯಲ್ಲಿ, ಕೆರೆಯಲ್ಲಿ, ಮರದಲ್ಲಿ' ಎಂದು ಬರೀ 'ಅಲ್ಲಿ'ಯಿಂದ ಪ್ರಾಸ ಕೂಡಿಸಿದ ಪುಸ್ತಕವನ್ನೂ ಬದಿಗಿಡಿ. ಅದರಲ್ಲಿ ಮಗು ಊಹಿಸುವಂಥದ್ದು ಏನೂ ಇರುವುದಿಲ್ಲ.

ನಮ್ಮಲ್ಲಿ ಇಂಥ ಪದ್ಯಗಳಿಗೆ ಬರವಿಲ್ಲ. ಬಂಟ್ವಾಳದ ಪಂಜೆ ಮಂಗೇಶರಾಯರು ಸ್ವತಃ ಮೇಷ್ಟ್ರಾಗಿ, ಶಾಲಾ ಇನ್‌ಸ್ಪೆಕ್ಟರ್ ಆಗಿ ಮಕ್ಕಳ ನಡುವೆ ಇದ್ದವರು. ಅವರ ಮತ್ತು ಜಿ.ಪಿ. ರಾಜರತ್ನಂ ಅವರ ಪದ್ಯಗಳು ಇವತ್ತಿಗೂ ಮಕ್ಕಳ ನಾಲಿಗೆಯ ಮೇಲಿವೆ. ಪುಸ್ತಕ ಕೊಳ್ಳಲು ದುಡ್ಡಿಲ್ಲದ ಶಾಲೆಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣ ಇದೆ. 2015ರಲ್ಲಿ ಶುರುವಾದ ಇದರಲ್ಲಿ ಕನ್ನಡ ಪುಸ್ತಕಗಳನ್ನು ಓದುವ ಹಂತಕ್ಕೆ ತಕ್ಕಂತೆ ಹುಡುಕಿ, ಉಚಿತವಾಗಿ ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು.

ಮೊದಲ ದಿನ ಬರೀ ಕೇಳಲಿ

ಪುಸ್ತಕವನ್ನು ಮಕ್ಕಳ ಕಡೆ ತಿರುಗಿಸಿ ಹಿಡಿದು ಓದಿ. ರಾಗ ಹಾಕಬೇಡಿ. ರಾಗ ಎಳೆದರೆ ಪದಗಳು ಒಂದಕ್ಕೊಂದು ಅಂಟಿಕೊಂಡು, ಎಲ್ಲಿ ಪದ ಮುಗಿಯಿತು ಅನ್ನೋದೇ ಗೊತ್ತಾಗುವುದಿಲ್ಲ. ಮಾತಿನ ಲಯ ಸಾಕು. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಮಾತಾಡುವ ಮಕ್ಕಳಿದ್ದರೆ ಚಿತ್ರ ತೋರಿಸಿ, ಅಭಿನಯ ಮಾಡಿ ಅರ್ಥ ಹೇಳಿಬಿಡಿ. ಅರ್ಥ ತಿಳಿಯದ ಪದ್ಯ ಗಿಳಿಪಾಠವಾಗುತ್ತದೆ.

ಎರಡನೇ ದಿನ ಪ್ರಾಸದ ಹತ್ತಿರ ನಿಲ್ಲಿಸಿ

ಇದೇ ಮುಖ್ಯ ಹಂತ, ಅವಸರ ಬೇಡ. ಈ ಲೇಖನಕ್ಕೆಂದೇ ಕಟ್ಟಿದ ನಾಲ್ಕು ಸಾಲು ನೋಡಿ:

ಅಟ್ಟವ ಹತ್ತಿತು ಅಜ್ಜಿಯ ಬೆಕ್ಕು
ಅಜ್ಜಿಯು ನೋಡುತ ನಿಂತಳು ನಕ್ಕು
ಹಾಲಿನ ಗಡಿಗೆಗೆ ತಟ್ಟೆಯ ಇಟ್ಟು
ಬೆಕ್ಕಿಗೆ ಕೊಟ್ಟಳು ರೊಟ್ಟಿಯ ಸುಟ್ಟು

ಇದನ್ನು ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ, ಪದಗಳ ನಡುವೆ ಎರಡು ಬೆರಳು ಜಾಗ ಬಿಟ್ಟು ಬರೆಯಿರಿ. ಕೊನೆಯ 'ಸುಟ್ಟು' ಮೇಲೆ ಒಂದು ಚೀಟಿ ಮುಚ್ಚಿ. 'ಬೆಕ್ಕಿಗೆ ಕೊಟ್ಟಳು ರೊಟ್ಟಿಯ...' ಎಂದು ಓದಿ ನಿಲ್ಲಿಸಿ. ಒಬ್ಬ 'ತಟ್ಟಿ' ಅನ್ನಬಹುದು. ಅರ್ಥಕ್ಕೆ ಸರಿ, ಆದರೆ 'ಇಟ್ಟು' ಜೊತೆ ಕೂಡುವುದಿಲ್ಲ. ಇನ್ನೊಬ್ಬಳು 'ಕಟ್ಟು' ಅಂದಾಳು. ಪ್ರಾಸ ಕೂಡಿತು, ಅರ್ಥ ಕೂಡಲಿಲ್ಲ. ಎರಡನ್ನೂ ಮೆಚ್ಚಿಕೊಳ್ಳಿ, ಯಾಕೆ ಕೂಡಲಿಲ್ಲ ಅಂತ ಮಕ್ಕಳನ್ನೇ ಕೇಳಿ. ಆಮೇಲೆ ಚೀಟಿ ಸ್ವಲ್ಪ ಸರಿಸಿ 'ಸು' ಮಾತ್ರ ಕಾಣಿಸಿ. ತಕ್ಷಣ ಯಾರಾದರೂ 'ಸುಟ್ಟು' ಅಂತ ಕೂಗುತ್ತಾರೆ. ಪೂರ್ತಿ ತೆಗೆದು, ಹೇಳಿದ್ದು ಬರೆದದ್ದು ಒಂದೇ ಅಲ್ವಾ ಅಂತ ಅಕ್ಷರ ಅಕ್ಷರ ನೋಡಿಸಿ. ಕಿವಿಯ ಸುಳಿವು, ಅರ್ಥದ ಸುಳಿವು, ಕಣ್ಣಿನ ಸುಳಿವು ಮೂರೂ ಸೇರಿದ್ದು ಇಲ್ಲಿ. ಓದು ಅಂದರೆ ಇದೇ ತಾನೆ?

ಮೂರನೇ ದಿನ ಬೆರಳು, ಕತ್ತರಿ

ಕೋಲಿನಿಂದ ಪದ ಪದ ಮುಟ್ಟುತ್ತ ನಿಧಾನವಾಗಿ ಓದಿ, ಮಕ್ಕಳೂ ಜೊತೆಗೆ ಓದಲಿ. ಆಮೇಲೆ ಕೋಲು ಒಂದು ಮಗುವಿನ ಕೈಗೆ ಕೊಡಿ. ಮಧ್ಯೆ ಸುಮ್ನೆ ನಿಲ್ಲಿಸಿ 'ಈಗ ಯಾವ ಪದದ ಮೇಲಿದ್ದೀಯ?' ಅಂತ ಕೇಳಿ. ಅಷ್ಟಾದ ಮೇಲೆ ಸಾಲುಗಳನ್ನು ಕತ್ತರಿಸಿ ಕಲೆಸಿ, ಗುಂಪಿಗೊಂದು ಸೆಟ್ ಹಂಚಿ, ಜೋಡಿಸಲು ಹೇಳಿ. ಪ್ರಾಸದ ಜೋಡಿ ಹುಡುಕಲು ಮಕ್ಕಳು ಸಾಲಿನ ಕೊನೆಯ ಪದವನ್ನು ಓದಲೇಬೇಕಾಗುತ್ತದೆ.

ಒತ್ತಕ್ಷರಕ್ಕೆ ಇದಕ್ಕಿಂತ ಒಳ್ಳೆ ದಾರಿ ಕಂಡಿಲ್ಲ

'ಕಕ್ಕೆ ಕ ಒತ್ತು' ಎಂದು ಸ್ಲೇಟು ತುಂಬ ಬರೆಸಿದರೆ ಮಕ್ಕಳಿಗೆ ಜಾಸ್ತಿ ಬೇಜಾರು. ಅದರ ಬದಲು ಗೋಡೆಯ ಮೇಲೆ 'ಬೆಕ್ಕಿನ ಮನೆ' ಅಂತ ಒಂದು ಹಾಳೆ ಅಂಟಿಸಿ. ಬೆಕ್ಕು, ನಕ್ಕು, ಹೊಕ್ಕು, ಸಿಕ್ಕು, ಮಿಕ್ಕು ಎಲ್ಲ ಅಲ್ಲಿಗೆ ಬರಲಿ. ಪಕ್ಕದಲ್ಲಿ 'ಇಟ್ಟು, ಸುಟ್ಟು, ಕೊಟ್ಟು, ಬಿಟ್ಟು' ಮನೆ. ಒಂದು ಗಮನವಿರಲಿ. ಕ್ಕ, ಟ್ಟ, ಚ್ಚ, ಪ್ಪಗಳಲ್ಲಿ ಒತ್ತು ಮೂಲ ಅಕ್ಷರದಂತೆಯೇ ಕಾಣುತ್ತದೆ. ತ್ತ, ನ್ನ, ಮ್ಮ, ಯ್ಯ, ಲ್ಲಗಳಲ್ಲಿ ಒತ್ತಿನ ರೂಪವೇ ಬೇರೆ. ಹಾಗಾಗಿ ಮೊದಲ ಗುಂಪಿನ ಪ್ರಾಸ ಇರುವ ಪದ್ಯಗಳನ್ನು ಮೊದಲು ತೆಗೆದುಕೊಳ್ಳಿ. ಅದು ಗಟ್ಟಿಯಾದ ಮೇಲೆ 'ಬೆಲ್ಲ, ಹಲ್ಲು, ಕಲ್ಲು' ಬರಲಿ.

ಮಕ್ಕಳದೇ ಪುಸ್ತಕ

ಎರಡು ಎ4 ಹಾಳೆ ನಡುವೆ ಮಡಚಿ ಪಿನ್ ಹೊಡೆದರೆ ಎಂಟು ಪುಟದ ಪುಸ್ತಕ ಆಯಿತು. ಗೋಡೆಯ ಪದಗಳಿಂದ ಮಕ್ಕಳೇ ಸಾಲು ಕಟ್ಟಲಿ, ನೀವು ಬರೆದುಕೊಡಿ, ಚಿತ್ರ ಅವರದು. ಅರ್ಥವಿಲ್ಲದ ಸಾಲು ಬಂದರೂ ನಗಲಿ ಬಿಡಿ. ಮನೆ ಮಾತಿನ 'ಬರ್ತೀನಿ', 'ಬರ್ತೇನ್ರಿ' ಬಂದರೆ ಹಾಗೇ ಬರೆಯಿರಿ. ತಾನಾಡಿದ ಮಾತು ಹಾಳೆಯ ಮೇಲೆ ಕಂಡಾಗ ಮಗು ಅದನ್ನು ಮತ್ತೆ ಮತ್ತೆ ಓದುತ್ತದೆ. ಪುಸ್ತಕ ಸರದಿಯ ಮೇಲೆ ಮನೆಗೂ ಹೋಗಲಿ. ಓದು ಬರೆಹ ಬಾರದ ಅಪ್ಪ ಅಮ್ಮನೂ ಪ್ರಾಸದ ಪದವನ್ನು ಊಹಿಸಬಲ್ಲರು.

ಕೊನೆಗೊಂದು ಪರೀಕ್ಷೆ

ವಾರದ ಕೊನೆಗೆ ಅದೇ ಪದಗಳಿಂದ, ಯಾರೂ ಹಾಡಿರದ ಒಂದು ಸಾಲು ಬೋರ್ಡಿನ ಮೇಲೆ ಬರೆಯಿರಿ: 'ಅಜ್ಜಿ ಬೆಕ್ಕಿಗೆ ತಟ್ಟೆ ಕೊಟ್ಟಳು.' ನೀವು ಬಾಯಿ ಬಿಡಬೇಡಿ. ತಡವರಿಸುತ್ತಲಾದರೂ ಓದಿದ ಮಗುವಿಗೆ ಹೊಸ ಪುಸ್ತಕ ಕೊಡಿ. ಹಳೇ ಪದ್ಯವನ್ನೇ ಹಾಡಿದ ಮಗುವಿನ ಜೊತೆ ಕೂತು, ಮತ್ತೆ ಚೀಟಿ ಮುಚ್ಚುವ ಆಟದಿಂದ ಶುರು ಮಾಡಿ.