ದಿನದ ಲೆಕ್ಕ ಬಿಟ್ಟು ಕಿಲೋಮೀಟರಿನ ಲೆಕ್ಕ: ನ್ಯೂಜಿಲೆಂಡಿನಲ್ಲಿ ವ್ಯಾನಿನ ನೂರು ರಾತ್ರಿ

ಶಿವಮೊಗ್ಗದಲ್ಲಿ 31 ವರ್ಷ ಬ್ಯಾಂಕ್ ಕೆಲಸ ಮಾಡಿದವಳು ನಾನು. ಮನೆಯ ಖರ್ಚನ್ನೂ ದಿನಾ ರಾತ್ರಿ ಬರೆದೇ ಮಲಗುವ ಅಭ್ಯಾಸ. ನ್ಯೂಜಿಲೆಂಡಿಗೆ ಹೋಗಿ, ಒಂದು ವ್ಯಾನಿನಲ್ಲೇ ಮಲಗಿ, ಅದರಲ್ಲೇ ಅಡುಗೆ ಮಾಡಿಕೊಂಡು ಮೂರು ನಾಲ್ಕು ತಿಂಗಳು ಸುತ್ತೋಣ ಎಂದು ನಮ್ಮವರು ಹೇಳಿದಾಗ ನಾನು ಮೊದಲು ಕೊಂಡದ್ದು ಇನ್ನೂರು ಪುಟದ ನೋಟ್‌ಬುಕ್.

ಅದರ ಮೊದಲ ಪುಟದಲ್ಲೇ ತಪ್ಪು ಬರೆದೆ. ದಿನಕ್ಕೆ ಇಷ್ಟು ಡಾಲರ್, ಅದನ್ನು ನೂರು ದಿನಕ್ಕೆ ಗುಣಿಸು, ಅಷ್ಟೇ ಎಂದುಕೊಂಡಿದ್ದೆ. ಹೋಟೆಲಿನಲ್ಲಿ ಉಳಿದು ಊರು ನೋಡುವವರಿಗೆ ಆ ಲೆಕ್ಕ ಸಾಕು. ವ್ಯಾನಿನಲ್ಲಿ ಹಣ ತಿನ್ನುವುದು ಚಕ್ರ. ಇದು ನನಗೆ ಅರ್ಥವಾಗಲು ಒಂದು ತಿಂಗಳು ಹಿಡಿಯಿತು. ನಮ್ಮ ಹಾಗೆ ಹೊರಡುವವರಿಗೆ ಆ ಒಂದು ತಿಂಗಳ ಖರ್ಚಾದರೂ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನ್ಯೂಜಿಲೆಂಡನ್ನೇ ಆರಿಸಿಕೊಳ್ಳಲು ಕಾರಣ ಇತ್ತು. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆ ಗಾಡಿ ಓಡಿಸುತ್ತಾರೆ. ಅರುವತ್ತು ದಾಟಿದ ಮೇಲೆ ಬಲಗಡೆ ಓಡಿಸುವುದನ್ನು ಹೊಸದಾಗಿ ಕಲಿಯುವುದು ಬೇಡ ಅಂತ ನಮ್ಮವರ ಹಟ. ಆಕ್ಲೆಂಡಿನಲ್ಲಿ ನನ್ನ ತಂಗಿಯ ಮಗಳು ಇದ್ದಾಳೆ. 2023ರ ನವೆಂಬರ್ 20ಕ್ಕೆ ಹೋಗಿ ಇಳಿದೆವು. ಅಲ್ಲಿ ಅದು ಬೇಸಿಗೆ ಶುರುವಾಗುವ ಸಮಯ.

ಮೊದಲ ಪ್ರಶ್ನೆ, ವ್ಯಾನ್ ಬಾಡಿಗೆಗೋ, ಸ್ವಂತಕ್ಕೋ? ಬೇಸಿಗೆಯಲ್ಲಿ ನಮಗೆ ಸಿಕ್ಕ ಬಾಡಿಗೆ ದರ ದಿನಕ್ಕೆ 140 ನ್ಯೂಜಿಲೆಂಡ್ ಡಾಲರ್ ಆಸುಪಾಸು. ನೂರು ದಿನಕ್ಕೆ 14,000. ಆಗ ಒಂದು ಡಾಲರಿಗೆ ಸುಮಾರು 51 ರೂಪಾಯಿ, ಅಂದರೆ 7 ಲಕ್ಷದ ಮೇಲೆ. "ದೊಡ್ಡಮ್ಮ, ಮೂರು ವಾರಕ್ಕಾದರೆ ಬಾಡಿಗೆ ತಗೊಳ್ಳಿ. ಮೂರು ತಿಂಗಳಿಗೆ ಕೊಂಡು ಮಾರೋದೇ ವಾಸಿ" ಅಂದಳು ಹುಡುಗಿ. ಅವಳ ಮಾತು ಸರಿಯಿತ್ತು. ಮಂಚ, ಒಲೆ, ಸಿಂಕ್ ಎಲ್ಲ ಇದ್ದ ಹಳೆಯ ಡೀಸೆಲ್ ಹೈಏಸ್ ವ್ಯಾನ್ ಒಂದನ್ನು 13,500 ಡಾಲರಿಗೆ ಕೊಂಡೆವು. ಹೊರಡುವಾಗ 11,000ಕ್ಕೆ ಮಾರಿದೆವು. ನಮ್ಮ ಕೈಯಿಂದ ಹೋದದ್ದು 2,500.

ಇಲ್ಲೇ ಒಂದು ಮಾತು. ಬಜೆಟ್ ಬರೆಯುವಾಗ ಎರಡು ಕಾಲಂ ಮಾಡಿ. ಒಂದು, ಖರ್ಚಾಗಿ ಹೋಗುವ ಹಣ. ಇನ್ನೊಂದು, ಕೈಯಲ್ಲಿ ಇರಲೇಬೇಕಾದ, ಆದರೆ ಕೊನೆಗೆ ವಾಪಸ್ ಬರುವ ಹಣ. ವ್ಯಾನಿಗೆ ಕೊಟ್ಟ 13,500 ಡಾಲರ್ ಅಂದರೆ ಸುಮಾರು 6.9 ಲಕ್ಷ ರೂಪಾಯಿ ಮೊದಲ ವಾರದಲ್ಲೇ ಬೇಕು. ಪ್ರವಾಸದ ಒಟ್ಟು ಖರ್ಚು ಕಡಿಮೆ ಅಂತ ಅಷ್ಟನ್ನೇ ಹಿಡಿದುಕೊಂಡು ಹೋದರೆ ವ್ಯಾನ್ ಕೊಳ್ಳುವುದಕ್ಕೇ ದುಡ್ಡು ಸಾಲುವುದಿಲ್ಲ.

ಆ ಹಣ ಕಳಿಸುವುದರಲ್ಲೂ ಒಂದು ಲೆಕ್ಕ ಇದೆ. ನಾವು ಹೋದ ವರ್ಷ ಅಕ್ಟೋಬರ್ 1ರಿಂದ, ಒಬ್ಬರ ಹೆಸರಿನಲ್ಲಿ ಒಂದು ಆರ್ಥಿಕ ವರ್ಷದಲ್ಲಿ ವಿದೇಶಕ್ಕೆ ಕಳಿಸಿದ್ದು 7 ಲಕ್ಷ ದಾಟಿದರೆ, ದಾಟಿದ ಮೊತ್ತದ ಮೇಲೆ ಶೇ 20 ಟಿಸಿಎಸ್, ಅಂದರೆ ಬ್ಯಾಂಕೇ ಮುಂಗಡವಾಗಿ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಿದ್ದರು. 2025ರ ಏಪ್ರಿಲ್‌ನಿಂದ ಆ ಮಿತಿ 10 ಲಕ್ಷಕ್ಕೆ ಏರಿದೆ. ಈ ಹಣ ರಿಟರ್ನ್ಸ್ ಸಲ್ಲಿಸುವಾಗ ಸರಿಹೊಂದುತ್ತದೆ, ನಿಜ. ಆದರೆ ಅಲ್ಲಿಯವರೆಗೆ ನಮ್ಮ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದಲ್ವಾ? ಅದಕ್ಕೆ ನನ್ನ ಹೆಸರಿನಲ್ಲಿ ಅರ್ಧ, ಅವರ ಹೆಸರಿನಲ್ಲಿ ಅರ್ಧ ಮಾಡಿ ಕಳಿಸಿದೆವು. ಕ್ರೆಡಿಟ್ ಕಾರ್ಡನ್ನು ತುರ್ತಿಗೆ ಮಾತ್ರ ಇಟ್ಟುಕೊಂಡೆ. ನಮ್ಮ ಕಾರ್ಡಿನಲ್ಲಿ ಪ್ರತಿ ಖರ್ಚಿಗೂ ಶೇ 3.5 ಹೆಚ್ಚುವರಿ, ಅದರ ಮೇಲೆ ಜಿಎಸ್‌ಟಿ ಬೇರೆ.

ಈಗ ಡೀಸೆಲ್ ವಿಷಯ. ಅಲ್ಲಿನ ಪಂಪಿನ ಬೋರ್ಡ್ ನೋಡಿದರೆ ಡೀಸೆಲ್ ಪೆಟ್ರೋಲಿಗಿಂತ ತುಂಬಾ ಅಗ್ಗ ಕಾಣುತ್ತದೆ. ಯಾಕೆಂದರೆ ಪೆಟ್ರೋಲಿನ ಬೆಲೆಯಲ್ಲಿ ರಸ್ತೆ ತೆರಿಗೆ ಸೇರಿರುತ್ತದೆ, ಡೀಸೆಲ್ ಬೆಲೆಯಲ್ಲಿ ಇರುವುದಿಲ್ಲ. ಡೀಸೆಲ್ ಗಾಡಿಯವರು ಓಡುವ ದೂರಕ್ಕೆ ಬೇರೆಯಾಗಿ ತೆರಿಗೆ ಕಟ್ಟಬೇಕು. ಅದನ್ನು ರೋಡ್ ಯೂಸರ್ ಚಾರ್ಜ್ ಅನ್ನುತ್ತಾರೆ, ಆಡುಮಾತಿನಲ್ಲಿ ಆರ್‌ಯುಸಿ. ಸಾವಿರ ಕಿಲೋಮೀಟರಿನ ಲೆಕ್ಕದಲ್ಲಿ ಮುಂಗಡ ಕೊಳ್ಳಬೇಕು. ನಮ್ಮಂಥ ಸಣ್ಣ ವ್ಯಾನಿಗೆ ಆಗ ಸಾವಿರ ಕಿಲೋಮೀಟರಿಗೆ 76 ಡಾಲರ್. ಎಷ್ಟು ಕಿಲೋಮೀಟರಿನವರೆಗೆ ಕಟ್ಟಿದೆ ಎಂಬ ಚೀಟಿ ಮುಂದಿನ ಗಾಜಿನ ಮೇಲೆ ಇರುತ್ತದೆ.

ಹಳೆಯ ವ್ಯಾನ್ ನೋಡಲು ಹೋದಾಗ ಮೊದಲು ಆ ಚೀಟಿ ನೋಡಿ, ಆಮೇಲೆ ಮೀಟರ್ ನೋಡಿ. ನಾವು ನೋಡಿದ ಎರಡನೇ ವ್ಯಾನಿನ ಮೀಟರ್ ಚೀಟಿಯಲ್ಲಿದ್ದ ಸಂಖ್ಯೆಗಿಂತ 6,000 ಕಿ.ಮೀ. ಮುಂದೆ ಇತ್ತು. ಅಂದರೆ 450 ಡಾಲರಿಗೂ ಹೆಚ್ಚು ಬಾಕಿ. ಮಾರುವವರು ಅದರ ಬಗ್ಗೆ ಮಾತೇ ಎತ್ತಲಿಲ್ಲ. ಕೊಂಡಿದ್ದರೆ ಆ ಬಾಕಿ ನಮ್ಮ ತಲೆಗೆ ಬರುತ್ತಿತ್ತು. ಅದನ್ನು ಬಿಟ್ಟೆವು. ಹಾಗೆಯೇ ವಾರಂಟ್ ಆಫ್ ಫಿಟ್‌ನೆಸ್ ಎಂಬ ತಪಾಸಣೆ ಪತ್ರವೂ ಮುಖ್ಯ. ಮಾರುವಾಗ ಅದು ಒಂದು ತಿಂಗಳಿಗಿಂತ ಹಳೆಯದಾಗಿರಬಾರದು ಎಂಬುದು ಅಲ್ಲಿನ ನಿಯಮ. ನಾವು ಹೋದಾಗ 2000ಕ್ಕಿಂತ ಮೊದಲು ನೋಂದಣಿಯಾದ ಗಾಡಿಗೆ ಆರು ತಿಂಗಳಿಗೊಮ್ಮೆ ತಪಾಸಣೆ ಆಗಬೇಕಿತ್ತು. ಇಷ್ಟಾದರೂ 200 ಡಾಲರ್ ಕೊಟ್ಟು ಒಬ್ಬ ಮೆಕ್ಯಾನಿಕ್‌ನಿಂದ ಪೂರ್ತಿ ಪರೀಕ್ಷೆ ಮಾಡಿಸಿದೆವು. ಆಮೇಲೂ ಎರಡನೇ ತಿಂಗಳಲ್ಲಿ ಬ್ಯಾಟರಿ, ಬ್ರೇಕ್ ಪ್ಯಾಡ್ ಎಂದು 640 ಡಾಲರ್ ಹೋಯಿತು. ರಿಪೇರಿಗೆಂದೇ 1,500 ತೆಗೆದಿಟ್ಟಿದ್ದೆ, ಹಾಗಾಗಿ ಎದೆ ಧಸಕ್ ಎನ್ನಲಿಲ್ಲ.

ಡೀಸೆಲ್, ತೆರಿಗೆ ಎರಡೂ ಸೇರಿ ನಮ್ಮ ವ್ಯಾನಿಗೆ ಕಿಲೋಮೀಟರಿಗೆ 28ರಿಂದ 29 ಸೆಂಟ್ ಬಿತ್ತು. ಅಂದರೆ ಹದಿನಾಲ್ಕೂವರೆ ರೂಪಾಯಿ. ಈ ಒಂದು ಸಂಖ್ಯೆಯನ್ನು ಮೊದಲೇ ಕಂಡುಕೊಂಡಿದ್ದರೆ ನಮ್ಮ ಮೊದಲ ತಿಂಗಳು ಬೇರೆಯೇ ಆಗುತ್ತಿತ್ತು.

ಆ ಮೊದಲ ತಿಂಗಳು ನಾವು ಓಡಿದ್ದೇ ಓಡಿದ್ದು. ಉತ್ತರದ ತುದಿಯ ಕೇಪ್ ರೈಂಗಾ, ಕೋರಮಂಡಲ್, ರೊಟೊರುವಾ, ಈಸ್ಟ್ ಕೇಪ್ ಸುತ್ತಿ ವೆಲ್ಲಿಂಗ್ಟನ್. ಮೂವತ್ತು ದಿನದಲ್ಲಿ 3,400 ಕಿ.ಮೀ. ಸಂಜೆ ಹೊತ್ತಿಗೆ ಸುಸ್ತಾಗಿ ಕಣ್ಣಿಗೆ ಬಿದ್ದ ಹಾಲಿಡೇ ಪಾರ್ಕಿಗೆ, ಅಂದರೆ ದುಡ್ಡು ಕೊಟ್ಟು ವ್ಯಾನ್ ನಿಲ್ಲಿಸಿ ಉಳಿಯುವ ಜಾಗಕ್ಕೆ, ನುಗ್ಗುವುದು. ಕರೆಂಟ್ ಇರುವ ಜಾಗಕ್ಕೆ ಇಬ್ಬರಿಗೆ 55 ಡಾಲರ್. ಅಡುಗೆ ಮಾಡಲು ತ್ರಾಣ ಇಲ್ಲದೆ ಹೊರಗಡೆ ಊಟ. ದಿನಕ್ಕೆ ಸರಾಸರಿ 117 ಡಾಲರ್ ಆಗಿತ್ತು. ನಾನು ಅಂದಾಜು ಮಾಡಿದ್ದು 80.

ಡಿಸೆಂಬರ್ ಕೊನೆಗೆ ಹಡಗಿನಲ್ಲಿ ದಕ್ಷಿಣ ದ್ವೀಪದ ಪಿಕ್ಟನ್‌ಗೆ ದಾಟಿದೆವು. ಮೂರೂವರೆ ಗಂಟೆಯ ಪಯಣ. ವ್ಯಾನಿನ ಉದ್ದ ಎಷ್ಟೋ ಅದಕ್ಕೆ ತಕ್ಕ ದರ, ನಮಗೆ 310 ಆಯಿತು. ಅಲ್ಲಿನ ಶಾಲೆಗಳಿಗೆ ರಜೆ ಇರುವ ಆ ದಿನಗಳಲ್ಲಿ ತಿಂಗಳ ಮೊದಲೇ ಟಿಕೆಟ್ ಮಾಡದಿದ್ದರೆ ಜಾಗ ಸಿಗುವುದು ಕಷ್ಟ. ಇಳಿದ ಮರುದಿನ ನಮ್ಮವರಿಗೆ ಸೊಂಟ ಹಿಡಿದುಕೊಂಡಿತು. "ಇವತ್ತು ಸ್ಟೇರಿಂಗ್ ಮುಟ್ಟಲ್ಲ ನಾನು" ಅಂದರು. ಕ್ವೀನ್ ಷಾರ್ಲೆಟ್ ಕೊಲ್ಲಿಯ ಹತ್ತಿರ ಸರ್ಕಾರದ ಒಂದು ಕ್ಯಾಂಪಿಗೆ ಬೆಳಿಗ್ಗೆಯೇ ಹೋದದ್ದರಿಂದ ಜಾಗ ಸಿಕ್ಕಿತು. ಒಬ್ಬರಿಗೆ ರಾತ್ರಿಗೆ 10 ಡಾಲರ್. ಅಲ್ಲೇ ಐದು ದಿನ ಕೂತುಬಿಟ್ಟೆವು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ಸಂಜೆ ನೀರಿನ ಪಕ್ಕ ನಿಧಾನವಾಗಿ ನಡೆಯುವುದು.

ಐದನೇ ರಾತ್ರಿ ನೋಟ್‌ಬುಕ್ ತೆರೆದು ಕೂಡಿಸಿದೆ. ಜಾಗಕ್ಕೆ 100, ಊಟಕ್ಕೆ 130. ಐದು ದಿನಕ್ಕೆ ಒಟ್ಟು 230 ಡಾಲರ್! ಓಡಾಡಿದ ತಿಂಗಳಲ್ಲಿ ಎರಡು ದಿನಕ್ಕೆ ಅಷ್ಟಾಗಿತ್ತು. "ರೀ, ನಾವು ಕೂತರೆ ದುಡ್ಡೂ ಕೂರುತ್ತೆ, ನೋಡಿ ಇಲ್ಲಿ" ಅಂತ ಪುಟ ತಿರುಗಿಸಿ ತೋರಿಸಿದೆ.

ಅವತ್ತೇ ಪೆನ್ನು ಹಿಡಿದು ಮುಂದಿನ ಎಪ್ಪತ್ತು ದಿನದ ದಾರಿಯನ್ನು ಮತ್ತೆ ಬರೆದೆವು. ಮೊದಲ ಪ್ಲಾನಿನಲ್ಲಿ ಒಟ್ಟು 12,000 ಕಿ.ಮೀ. ಇತ್ತು. ಅದನ್ನು 8,000ದ ಒಳಗೆ ತಂದೆವು. ವಾರಕ್ಕೆ 450 ಕಿ.ಮೀ. ಮಿತಿ. ಒಂದು ವಾರ ಮೀರಿದರೆ ಮುಂದಿನ ವಾರ ಕಡಿಮೆ. ಕೊನೆಗೆ 7,800ಕ್ಕೆ ಮುಗಿಯಿತು. ಬಿಟ್ಟ ಜಾಗಗಳ ಬಗ್ಗೆ ನನಗೆ ಬೇಸರ ಇಲ್ಲ. ಮೌಂಟ್ ಕುಕ್ ಕೆಳಗಿನ ವೈಟ್ ಹಾರ್ಸ್ ಹಿಲ್ ಕ್ಯಾಂಪಿನಲ್ಲಿ ನಾಲ್ಕು ದಿನ ಇದ್ದೆವು. ಮೊದಲ ಮೂರು ದಿನ ಬರೀ ಮೋಡ. ನಾಲ್ಕನೇ ಬೆಳಿಗ್ಗೆ ಹಿಮದ ಶಿಖರ ಪೂರ್ತಿ ತೆರೆದುಕೊಂಡಿತು. ಒಂದೇ ದಿನಕ್ಕೆ ಬಂದು ಹೋಗಿದ್ದರೆ ಅದು ಸಿಗುತ್ತಿರಲಿಲ್ಲ.

ರಾತ್ರಿ ಉಳಿಯುವ ಜಾಗದ ಖರ್ಚು ವ್ಯಾನಿನ ಶೌಚಾಲಯದ ಮೇಲೆ ನಿಂತಿದೆ. ಸೆಲ್ಫ್ ಕಂಟೇನ್ಡ್ ಎಂಬ ಪ್ರಮಾಣಪತ್ರ ಇರುವ ವ್ಯಾನಿಗೆ ಅನೇಕ ಊರುಗಳಲ್ಲಿ ಪುಕ್ಕಟೆ ನಿಲ್ಲುವ ಜಾಗ ಇದೆ. ಒಬ್ಬರಿಗೆ ದಿನಕ್ಕೆ 4 ಲೀಟರಿನಂತೆ ಮೂರು ದಿನದ ನೀರು, ಅಷ್ಟೇ ಕೊಳೆನೀರು ಹಿಡಿಯುವ ತೊಟ್ಟಿ, ಶೌಚಾಲಯ ಇರಬೇಕು. 2023ರಲ್ಲಿ ಬಂದ ಕಾನೂನು ಶೌಚಾಲಯವನ್ನು ವ್ಯಾನಿಗೇ ಗಟ್ಟಿಯಾಗಿ ಜೋಡಿಸಿರಬೇಕು ಅನ್ನುತ್ತದೆ. ಮಡಚಿ ಎತ್ತಿಡುವಂಥದ್ದು ಇರುವ ವ್ಯಾನನ್ನು ಅಗ್ಗಕ್ಕೆ ಸಿಗುತ್ತದೆ ಅಂತ ಸುಮ್ನೆ ಕೊಳ್ಳಬೇಡಿ. ನಮ್ಮ ನೂರು ರಾತ್ರಿಯಲ್ಲಿ 46 ಪುಕ್ಕಟೆ, 38 ಸರ್ಕಾರದ ಕ್ಯಾಂಪ್, ಹದಿನಾರು ಮಾತ್ರ ಹಾಲಿಡೇ ಪಾರ್ಕ್. ಎಲ್ಲ ಸೇರಿ 1,830 ಡಾಲರ್. ಆ ಹದಿನಾರರಲ್ಲಿ ಹೆಚ್ಚಿನವು ಮೊದಲ ತಿಂಗಳವು.

ಅಡುಗೆಯದ್ದು ನನ್ನ ಖಾತೆ. ಊರಿನಿಂದ ಪ್ರೆಶರ್ ಕುಕ್ಕರ್ ಹೊತ್ತುಕೊಂಡು ಹೋಗಿದ್ದೆ. ಗ್ಯಾಸ್ ಉಳಿಸಲು ಅದಕ್ಕಿಂತ ಒಳ್ಳೆಯ ಪಾತ್ರೆ ಇಲ್ಲ. ಸಾರಿನ ಪುಡಿ, ಚಟ್ನಿಪುಡಿ ಪ್ಯಾಕ್ ಮಾಡಿಸಿ ತಂದು ವಿಮಾನ ನಿಲ್ದಾಣದಲ್ಲಿ ಒಂದೊಂದನ್ನೂ ಬರೆದು ತೋರಿಸಿದೆವು. ಹೇಳದೆ ತಂದದ್ದು ಸಿಕ್ಕರೆ ಸ್ಥಳದಲ್ಲೇ 400 ಡಾಲರ್ ದಂಡ. ಹಣ್ಣು, ಜೇನುತುಪ್ಪ ಮನೆಯಲ್ಲೇ ಬಿಟ್ಟಿದ್ದೆವು. ಅಕ್ಕಿ, ತೊಗರಿಬೇಳೆ, ರವೆಯನ್ನು ಆಕ್ಲೆಂಡಿನ ಸ್ಯಾಂಡ್ರಿಂಗ್‌ಹ್ಯಾಮ್ ಬೀದಿಯ ಭಾರತೀಯರ ಅಂಗಡಿಗಳಲ್ಲಿ ಎರಡು ತಿಂಗಳಿಗಾಗುವಷ್ಟು ತುಂಬಿಸಿಕೊಂಡೆ. ತರಕಾರಿ ಮಾತ್ರ ದೊಡ್ಡ ಊರುಗಳ ಪ್ಯಾಕ್‌ಎನ್‌ಸೇವ್ ಸೂಪರ್‌ಮಾರ್ಕೆಟ್‌ನಲ್ಲಿ, ಆ ದಿನ ಯಾವುದು ಅಗ್ಗವೋ ಅದು. ಮನೆಯೂಟಕ್ಕೆ ಇಬ್ಬರಿಗೂ ಸೇರಿ ದಿನಕ್ಕೆ 26 ಡಾಲರ್ ಬಿತ್ತು. ಪಾತ್ರೆ ತೊಳೆಯುವ ನೀರು ಉಳಿಸಲು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯುವುದನ್ನು ಪಕ್ಕದ ವ್ಯಾನಿನ ಅಜ್ಜಿಯೊಬ್ಬರು ಕಲಿಸಿಕೊಟ್ಟರು.

ಕೆಲವು ದಾರಿಗಳಲ್ಲಿ ದಿನಸಿ, ಡೀಸೆಲ್ ಮೊದಲೇ ತುಂಬಿಸಿಕೊಳ್ಳದಿದ್ದರೆ ಬೆಲೆ ಸುಡುತ್ತದೆ. ಪಶ್ಚಿಮ ಕರಾವಳಿಯಲ್ಲಿ ಹೋಕಿಟಿಕಾ ಬಿಟ್ಟರೆ ವನಾಕದವರೆಗೆ ಸುಮಾರು 400 ಕಿ.ಮೀ. ದೊಡ್ಡ ಅಂಗಡಿ ಇಲ್ಲ. ಮಿಲ್ಫರ್ಡ್ ಸೌಂಡ್‌ಗೆ ಹೋಗುವವರು ಟೆ ಅನಾವುನಲ್ಲೇ ಟ್ಯಾಂಕ್ ತುಂಬಿಸಬೇಕು, ಹೋಗಿಬರಲು 240 ಕಿ.ಮೀ. ಯಾವ ಪಂಪಿನಲ್ಲಿ ಎಷ್ಟು ಬೆಲೆ ಎಂದು ಗ್ಯಾಸ್ಪಿ ಆ್ಯಪ್‌ನಲ್ಲಿ ದಿನಾ ನೋಡುತ್ತಿದ್ದೆ. ಆಗ ಆಕ್ಲೆಂಡಿನ ಒಳಗೆ ಲೀಟರಿಗೆ 11.5 ಸೆಂಟ್ ಪ್ರಾದೇಶಿಕ ತೆರಿಗೆ ಇತ್ತು, ಹಾಗಾಗಿ ಊರು ದಾಟಿಯೇ ಮೊದಲ ಟ್ಯಾಂಕ್ ಹಾಕಿಸಿದೆವು. ಆ ತೆರಿಗೆಯನ್ನು 2024ರ ಜೂನ್ ಕೊನೆಗೆ ತೆಗೆದರು. ಪ್ರವಾಸಿಗರ ಶುಲ್ಕ ಮಾತ್ರ ಏರಿದೆ. ನಮಗೆ ತಲಾ 35 ಡಾಲರ್ ಇದ್ದದ್ದು 2024ರ ಅಕ್ಟೋಬರ್‌ನಿಂದ 100 ಆಗಿದೆ.

ವಿಮೆಯಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ. ಅಪಘಾತದಲ್ಲಿ ಗಾಯವಾದರೆ ಅಲ್ಲಿನ ಎಸಿಸಿ ಎಂಬ ಸರ್ಕಾರಿ ಅಪಘಾತ ಪರಿಹಾರ ವ್ಯವಸ್ಥೆ ಪ್ರವಾಸಿಗರಿಗೂ ಚಿಕಿತ್ಸೆ ಕೊಡಿಸುತ್ತದೆ. ಕಾಯಿಲೆ ಬಿದ್ದರೆ ಅದು ಬರುವುದಿಲ್ಲ. ನಮ್ಮ ವಯಸ್ಸಿಗೆ ಇಬ್ಬರಿಗೂ ಸೇರಿ 40,000 ರೂಪಾಯಿ ಆಯಿತು, ಕೊಟ್ಟೆ. ವ್ಯಾನಿಗೆ ವಿಮೆ ಅಲ್ಲಿ ಕಡ್ಡಾಯ ಅಲ್ಲ. ಆದರೂ ಇನ್ನೊಬ್ಬರ ಗಾಡಿಗೆ ತಾಗಿಸಿದರೆ ಎಂಬ ಭಯಕ್ಕೆ ಮಾಡಿಸಿದೆ.

ಎಲ್ಲ ಕೂಡಿಸಿದಾಗ ಅಲ್ಲಿ ಖರ್ಚಾದದ್ದು 11,700 ಡಾಲರಿನ ಆಸುಪಾಸು, ಸುಮಾರು 6 ಲಕ್ಷ ರೂಪಾಯಿ. ವಿಮಾನ, ವೀಸಾ, ವಿಮೆ ಸೇರಿ ಇನ್ನು 3 ಲಕ್ಷ. ಇಬ್ಬರಿಗೆ 9 ಲಕ್ಷ ಸಣ್ಣ ಮೊತ್ತ ಅಲ್ಲ, ನಮ್ಮ ಏಳು ವರ್ಷದ ಆರ್‌ಡಿ ಅದು.

ವ್ಯಾನನ್ನು ಮಾರ್ಚ್ ಮೊದಲ ವಾರವೇ ಕ್ರೈಸ್ಟ್‌ಚರ್ಚ್‌ನಲ್ಲಿ ಮಾರಾಟಕ್ಕೆ ಇಟ್ಟೆವು. ಏಪ್ರಿಲ್ ಬಂದರೆ ಚಳಿ ಶುರು, ಆಗ ಎಲ್ಲರೂ ಮಾರುವವರೇ. ಕೊಳ್ಳಲು ಬಂದ ಇಬ್ಬರು ಹುಡುಗರು ಚಕ್ರ ನೋಡಿದರು, ಎಂಜಿನ್ ನೋಡಿದರು. ಗಾಜಿನ ಮೇಲಿನ ಚೀಟಿ ನೋಡಲಿಲ್ಲ. ನಾನೇ ಕರೆದು ತೋರಿಸಿದೆ, ಇನ್ನೂ 700 ಕಿಲೋಮೀಟರಿಗೆ ಕಟ್ಟಿದ್ದೇವೆ ಎಂದು. ಆಮೇಲೆ ನೋಟ್‌ಬುಕ್‌ನಿಂದ ಒಂದು ಹಾಳೆ ಹರಿದು, ಕಿಲೋಮೀಟರಿಗೆ 29 ಸೆಂಟ್ ಎಂದು ದೊಡ್ಡದಾಗಿ ಬರೆದು, ಕೀಲಿಯ ಜೊತೆ ಅವರ ಕೈಗೆ ಕೊಟ್ಟೆ.