ಕಾಫಿ ಕೊಯ್ಲಿನಲ್ಲೂ ತಪ್ಪದ ಬೆಳಗಿನ ಪ್ರಾರ್ಥನೆ

ಕೊಡಗಿನಲ್ಲಿ ಡಿಸೆಂಬರ್‌ಗೆ ಕಾಫಿ ಕೊಯ್ಲು ಬಿರುಸಾದರೆ ನನ್ನ ದಿನನಿತ್ಯದ ಪ್ರಾರ್ಥನೆ ನಿಲ್ಲುತ್ತಿತ್ತು. ಭಾನುವಾರದ ಆರಾಧನೆಯಷ್ಟೇ ಉಳಿಯುತ್ತಿತ್ತು.

ರಾತ್ರಿ ಹೊತ್ತು ಆಗಲಿಲ್ಲ: ಹಣ್ಣು ತೂಗಿ, ಕೂಲಿ ಲೆಕ್ಕ ಮುಗಿಸುವಷ್ಟರಲ್ಲಿ ನಿದ್ದೆ. ಮೊಬೈಲ್ ಬೈಬಲ್ ವಾಟ್ಸಾಪ್‌ಗೆ ಎಳೆಯಿತು. ವರ್ಷದಲ್ಲಿ ಪೂರ್ತಿ ಬೈಬಲ್ ಓದುವ ಪಟ್ಟಿಯಂತೂ ಎರಡು ದಿನ ತಪ್ಪಿದರೆ ಸಾಲದಂತೆ ಬೆಳೆಯುತ್ತದೆ.

ಸರಿಹೋದದ್ದು ಹೀಗೆ: ಬೆಳಿಗ್ಗೆ 5:30, ಒಲೆ ಹಚ್ಚುವ ಮೊದಲು, 20 ನಿಮಿಷ. ಅಚ್ಚಿನ ಬೈಬಲ್ ರಾತ್ರಿಯೇ ಕುರ್ಚಿಯ ಮೇಲೆ, ಮೊಬೈಲ್ ಬೇರೆ ಕೋಣೆಯಲ್ಲಿ. ಮೊದಲು ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ, ಬಾಯಿಬಿಟ್ಟು. (119ನೆಯದಕ್ಕೆ 176 ವಚನ, ದಿನಕ್ಕೆ 8 ಸಾಕು.) ಮತ್ತೆ ಮಾರ್ಕನ ಸುವಾರ್ತೆಯ ಅರ್ಧ ಅಧ್ಯಾಯ, ಇರುವುದು 16 ಅಧ್ಯಾಯ, ಸುಮಾರು ತಿಂಗಳಿಗೆ ಮುಗಿಯುತ್ತದೆ. ಆಮೇಲೆ 3 ನಿಮಿಷ ಮೌನ. ಬೇಡಿಕೆ ಕೊನೆಗೇ ಇರಲಿ. ಮೊದಲಿಟ್ಟರೆ ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಕಣದ ಕೆಲಸ ನೆನಪಾದರೆ ಚೀಟಿಯಲ್ಲಿ ಗೀಚಿ ಮುಂದುವರಿಯಿರಿ. ತಪ್ಪಿದ ದಿನದ್ದನ್ನು ಸೇರಿಸಿ ಓದಬೇಡಿ, ನಿಂತಲ್ಲಿಂದಲೇ ಶುರುಮಾಡಿ.