ರನ್‌ಫ್ಲ್ಯಾಟ್ ಕಳಚಿ ಸ್ಟೆಪ್ನಿ ಹೊತ್ತ ಕಥೆ

ನನ್ನ ಕಾರಿನ ಸಸ್ಪೆನ್ಷನ್ ರನ್‌ಫ್ಲ್ಯಾಟಿಗೆಂದೇ, ಅಂದರೆ ಗಾಳಿ ಹೋದರೂ ಒಂದಷ್ಟು ದೂರ ಓಡುವ ಗಟ್ಟಿ ಪಕ್ಕೆಯ ಟೈರಿಗೆಂದೇ ಹೊಂದಿಸಿದ್ದು, ಸಾಮಾನ್ಯ ಟೈರು ಹಾಕಿದರೆ ಕಾರು ತೇಲಾಡುತ್ತದೆ ಎಂದು ಎರಡು ವರ್ಷ ನನ್ನನ್ನು ಹೆದರಿಸಿದ ಗೆಳೆಯರು ಈಗ ಅದೇ ಕಾರಿನಲ್ಲಿ ನಿದ್ದೆ ಮಾಡುತ್ತಾ ಮಂಗಳೂರಿಗೆ ಬರುತ್ತಾರೆ.

ನನ್ನದು ಎಫ್30 ಪೀಳಿಗೆಯ ಬಿಎಂಡಬ್ಲ್ಯು 320ಡಿ, ಟೈರು 225/50 ಆರ್17 (ಅಗಲ 225 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 50, ರಿಮ್ಮು 17 ಇಂಚು). ಗಾಳಿ ಹೋದ ಮೇಲೂ 80ರ ವೇಗದಲ್ಲಿ 80 ಕಿ.ಮೀ. ಓಡಬಹುದೆಂಬ ಮಾತು ಸುಳ್ಳಲ್ಲ. ಆದರೆ ಅದು ಮೊಳೆ ಚುಚ್ಚಿದಾಗ ಸಲ್ಲುವ ಮಾತು, ರಸ್ತೆ ಗುಂಡಿಯ ಅಂಚಿಗೆ ಬಡಿದು ಟೈರಿನ ಪಕ್ಕೆಯೇ ಸೀಳಿದಾಗ ಅಲ್ಲ. ಒಂದೇ ವರ್ಷದಲ್ಲಿ ಹಾಗೆ ಎರಡು ಹೋದವು. ಒಂದೊಂದಕ್ಕೆ ಸುಮಾರು 23 ಸಾವಿರ, ಟೋ ಮಾಡಿಸಿದ್ದಕ್ಕೆ ಏಳು ಸಾವಿರದ ಆಸುಪಾಸು ತೆತ್ತೆ.

ನಾಲ್ಕು ಸಾಮಾನ್ಯ ಟೈರುಗಳು 50 ಸಾವಿರದೊಳಗೆ ಬಂದವು. ರನ್‌ಫ್ಲ್ಯಾಟ್ ಹೋದ ಮೇಲೆ ಸ್ಟೆಪ್ನಿ ಬೇಕೇ ಬೇಕು, ನನ್ನ ಕಾರಿನಲ್ಲಿ ಅದಿರಲಿಲ್ಲ; ನಿಜವಾದ ಪಾಡು ಅದರದ್ದೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರೂವರೆ ಸಾವಿರಕ್ಕೆ ಕೊಂಡ ಮೊದಲನೆಯ ಸಪೂರ ಗಾಲಿ ಹಬ್ಬಿನ (ಗಾಲಿಯನ್ನು ಬಿಗಿಯುವ ಅಚ್ಚಿನ ತುದಿಯ) ಮೇಲೆ ಕೂರಲೇ ಇಲ್ಲ. ನನಗೆ ಬೇಕಾದ ನಡುರಂಧ್ರ 72.6 ಮಿ.ಮೀ., ಅದರದ್ದು 66.6, ಬೋಲ್ಟುಗಳ ವೃತ್ತವೂ 120ರ ಬದಲು 112. ಎರಡನೆಯದು ಕೂತಿತು, ಆದರೆ ಅದರ ಟೈರು 125/80 ಆಗಿದ್ದರಿಂದ ವ್ಯಾಸದಲ್ಲಿ 25 ಮಿ.ಮೀ. ಕಡಿಮೆ ಬಿದ್ದು, ಹಿಂದಿನ ಗಾಲಿಗೆ ಹಾಕಿ ಬಡಾವಣೆಯಲ್ಲಿ ಒಂದು ಸುತ್ತು ಹೊಡೆಯುವಷ್ಟರಲ್ಲಿ ಎಚ್ಚರಿಕೆಯ ದೀಪ ಹತ್ತಿತು; ಚಿಕ್ಕ ಗಾಲಿ ಉಳಿದವಕ್ಕಿಂತ ಬೇಗ ತಿರುಗುವುದನ್ನು ಕಾರು ದೋಷವೆಂದು ಎಣಿಸುತ್ತದೆ. ಮೂರನೆಯದು 135/80 ಆರ್17. ಇದರ ವ್ಯತ್ಯಾಸ ಒಂಬತ್ತೇ ಮಿ.ಮೀ., ಬೆಲೆ ಎಂಟೂವರೆ ಸಾವಿರ. ಡಿಕ್ಕಿಯಲ್ಲಿ ಅದಕ್ಕೆ ಗುಂಡಿಯಿಲ್ಲದ ಕಾರಣ ನೆಲದ ಮೇಲೆಯೇ ಪಟ್ಟಿಯಿಂದ ಬಿಗಿದಿದ್ದೇನೆ. ಘಾಟಿಯ ತಿರುವುಗಳಲ್ಲೂ ಅದು ಸದ್ದು ಮಾಡದಂತೆ ಬಿಗಿದದ್ದು ಹೇಗೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅಗ್ಗದ ಜಾಕಿಯ ತಲೆ ಕಾರಿನಡಿಯಲ್ಲಿ ಜಾಕಿ ಕೊಡುವ ಪ್ಲಾಸ್ಟಿಕ್ ಗುಬುಟನ್ನು ಪುಡಿ ಮಾಡಿದ ಮೇಲೆ ಅಳತೆಗೆ ತಕ್ಕ ರಬ್ಬರ್ ದಿಮ್ಮಿ ಕತ್ತರಿಸಿಕೊಂಡೆ. ಹಬ್ಬಿನಲ್ಲಿ ಗಾಲಿ ತೂಗುಹಾಕಲು ಗೂಟಗಳಿಲ್ಲ, ಬರೀ ತೂತುಗಳು; ಗಾಲಿಯನ್ನು ತೊಡೆಯ ಮೇಲೆ ಹೊತ್ತು ಬೋಲ್ಟಿನ ತೂತು ಹುಡುಕುವ ಕಷ್ಟ ಈ ಕಾರಿನವರಿಗೆಲ್ಲ ಗೊತ್ತು. ಲೇತ್‌ನವನಿಗೆ ಇನ್ನೂರು ರೂಪಾಯಿ ಕೊಟ್ಟು ಒಂದು ಎಂ14 (14 ಮಿ.ಮೀ. ದಪ್ಪದ) ಬೋಲ್ಟಿನ ತಲೆ ಕೊಯ್ಯಿಸಿ ಗೂಟ ಮಾಡಿಸಿಕೊಂಡೆ, ಗಾಲಿ ಅದಕ್ಕೆ ತೂಗುಹಾಕಿದಂತೆ ನಿಲ್ಲುತ್ತದೆ.

ಗೆಳೆಯರ ಮಾತಿನಲ್ಲೂ ಸ್ವಲ್ಪ ಹುರುಳಿತ್ತೆಂದು ಒಪ್ಪುತ್ತೇನೆ. ಮೆತ್ತಗಿರಲೆಂದು 29 ಪಿಎಸ್‌ಐ ಇಟ್ಟಾಗ ಕಾರು ತಿರುವಿನಲ್ಲಿ ನಿಜಕ್ಕೂ ವಾಲಿತು. ಮುಂದೆ 33, ಹಿಂದೆ 35 ಇಟ್ಟ ಮೇಲೆ ಆ ದೂರು ಉಳಿಯಲಿಲ್ಲ. ಸ್ಟೆಪ್ನಿಗೆ ಮಾತ್ರ 60. ಕುತೂಹಲಕ್ಕೆ ಹಳೆಯ ಮತ್ತು ಹೊಸ ಟೈರುಗಳನ್ನು ಅಕ್ಕಿ ಮಂಡಿಯ ತಕ್ಕಡಿಯಲ್ಲಿ ತೂಗಿಸಿದೆ. ಒಂದಕ್ಕೆ ಹೆಚ್ಚು ಕಡಿಮೆ ಎರಡು ಕಿಲೋ ಇಳಿದಿತ್ತು.

ಕಳೆದ ತಿಂಗಳು ಶಿರಾಡಿ ಘಾಟಿಯಲ್ಲಿ ಹಿಂದಿನ ಎಡಗಾಲಿಗೆ ಮೊಳೆ ಹೊಕ್ಕಿತು. ಇಪ್ಪತ್ತೈದು ನಿಮಿಷದಲ್ಲಿ ಸ್ಟೆಪ್ನಿ ಹಾಕಿದೆ. ಆದರೆ ಬಿಚ್ಚಿದ ಅಗಲ ಗಾಲಿ ಸಾಮಾನು ತುಂಬಿದ ಡಿಕ್ಕಿಯಲ್ಲಿ ಹಿಡಿಯದೆ, ಹಿಂದಿನ ಸೀಟಿಗೆ ಗೋಣಿಚೀಲ ಹಾಸಿ ಗೆಳೆಯನ ಪಕ್ಕದಲ್ಲೇ ಕೂರಿಸಬೇಕಾಯಿತು. ಸಕಲೇಶಪುರದ ಪಂಕ್ಚರ್ ಅಂಗಡಿಯವನು ನೂರೈವತ್ತು ರೂಪಾಯಿ ತೆಗೆದುಕೊಂಡ.